ಪ್ಲಾಸ್ಟಿಕ್ ಹುಲ್ಲಿನ ಕೆಳಗೆ

ರಾಮಚಂದ್ರಪ್ಪ ಮೂವತ್ತೊಂದು ವರ್ಷ ಜೇಡಿಮಣ್ಣು ತುಳಿದವರು. ಮಾಲೂರಿನ ರೈಲು ಹಳಿಯ ಆಚೆಗಿದ್ದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವುದು ಅವರ ಕೆಲಸವಾಗಿತ್ತು. ಸುತ್ತಲಿನ ಕೆರೆಗಳಿಂದ ಲಾರಿಯಲ್ಲಿ ಬಂದ ಮಣ್ಣನ್ನು ತೊಟ್ಟಿಗೆ ಸುರಿದು, ನೀರು ಬಿಟ್ಟು, ನಾಲ್ಕೈದು ದಿನ ನೆನೆಸಿ, ಆಮೇಲೆ ಮೊಣಕಾಲವರೆಗೆ ಇಳಿದು ತುಳಿಯಬೇಕು. ಕಾಲಿಗೆ ತಗುಲಿದ ಕಲ್ಲು, ಬೇರುಗಳನ್ನು ಆರಿಸಿ ಎಸೆಯಬೇಕು. ಮಣ್ಣು ಬೆಣ್ಣೆಯಂತಾದ ಮೇಲೆ ಮಿಷನ್ನಿಗೆ ಹೋಗುತ್ತಿತ್ತು. ಆಂಧ್ರ ಗಡಿಯ ರಾಯಲ್ಪಾಡಿನ ಹತ್ತಿರದ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದವರಿಗೆ ಮನೆಮಾತು ತೆಲುಗು. ಕನ್ನಡ ಕಲಿತದ್ದು ಆ ತೊಟ್ಟಿಯೊಳಗೆ, ಜೊತೆಗೆ ತುಳಿಯುತ್ತಿದ್ದವರಿಂದ. ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಹೊಸೆದು ಇದು ಎಷ್ಟು ನೀರು ಹಿಡಿಯುತ್ತದೆ, ಒಣಗಿದರೆ ಎಷ್ಟು ಬಿರಿಯುತ್ತದೆ ಎಂದು ಹೇಳಬಲ್ಲವರಾಗಿದ್ದರು. ಮಾಲೀಕರೂ ಅವರನ್ನು ಕೇಳಿಯೇ ಲೋಡು ಇಳಿಸಿಕೊಳ್ಳುತ್ತಿದ್ದರಂತೆ.

ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಯಿತು. ಹೆಂಚು ಹೊದಿಸುವವರು ಯಾರೂ ಉಳಿಯಲಿಲ್ಲ. ಚಿಮಣಿ ಕೆಡವಿದರು, ಗೂಡುಗಳನ್ನು ಒಡೆದರು, ಜೆಸಿಬಿ ಬಂದು ಎಲ್ಲ ಸಮ ಮಾಡಿತು, ಜಾಗ ಲೇಔಟ್ ಆಯಿತು. ತೊಟ್ಟಿಗಳನ್ನು ಮುಚ್ಚಲು ಬೇರೆ ಮಣ್ಣು ತರಲಿಲ್ಲ. ಅಲ್ಲೇ ಗುಡ್ಡೆ ಬಿದ್ದಿದ್ದ ಜೇಡಿಯನ್ನೇ ಒಳಕ್ಕೆ ತಳ್ಳಿ, ಮೇಲೆ ಒಂದು ಪದರ ಕೆಂಪು ಮಣ್ಣು ಹರಡಿ ಕಲ್ಲು ನೆಟ್ಟರು. ಹೈಸ್ಕೂಲು ಮೇಷ್ಟರಾದ ನಾನೂ ಅಲ್ಲೊಂದು ಸೈಟು ಕೊಂಡು ಮನೆ ಕಟ್ಟಿದೆ. ಕೊಳ್ಳುವಾಗ ಯಾರು ಮಣ್ಣು ನೋಡುತ್ತಾರೆ? ಬೇಸಿಗೆಯಲ್ಲಿ ನೋಡಿದ ನೆಲ ಕಲ್ಲಿನಂತಿತ್ತು.

ನಮ್ಮ ಎದುರಿನ ಮೂಲೆ ಮನೆ ಅನಿಲ್‌ಕುಮಾರ್ ಮತ್ತು ಸುನಂದ ದಂಪತಿಯದು. ಅನಿಲ್‌ಕುಮಾರ್ ವೇಮಗಲ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಸುನಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಒಬ್ಬಳೇ ಮಗಳು ಪವಿತ್ರ, ಆಗ ಎಂಟು ವರ್ಷ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಮೆದುಳಿಗೆ ಪೆಟ್ಟಾಗಿ ಎರಡೂ ಕಾಲು ಬಿಗಿದುಕೊಂಡಿದ್ದವು. ಮಾತು, ಬುದ್ಧಿ ಎಲ್ಲ ಚುರುಕು. ಮಗ್ಗಿ ಹೇಳುವುದರಲ್ಲಿ ನನ್ನ ಶಾಲೆಯ ದೊಡ್ಡ ಮಕ್ಕಳನ್ನು ಮೀರಿಸುತ್ತಿದ್ದಳು. ಐದು ವರ್ಷ ವ್ಯಾಯಾಮ ಮಾಡಿಸಿದ ಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಂತಾಗಿದ್ದಳು. ದಿನಾ ಅರ್ಧ ಗಂಟೆ ಹೊರಗಡೆ ಸಮನಾದ ನೆಲದಲ್ಲಿ ನಡೆಸಿ ಎಂದು ವ್ಯಾಯಾಮ ಮಾಡಿಸುವವರು ಹೇಳಿದ್ದರು. ಮನೆಯ ಪಕ್ಕ ಇಪ್ಪತ್ತಡಿ ಅಗಲದ ಅಂಗಳವೇನೋ ಇತ್ತು. ಆದರೆ ಒಂದು ಮಳೆ ಬಂದರೆ ವಾರಗಟ್ಟಲೆ ರಾಡಿ. ರಸ್ತೆಗೆ ಎರಡು ಸಲ ಟಾರು ಹಾಕಿ ಎತ್ತರಿಸಿದ್ದರಿಂದ ಚರಂಡಿಯೇ ಅಂಗಳಕ್ಕಿಂತ ಮೇಲಿತ್ತು. ವರಾಂಡದ ಸಿಮೆಂಟಿನ ಮೇಲೆ ಬಿದ್ದು ಹುಡುಗಿ ಒಮ್ಮೆ ಗದ್ದ ಒಡೆದುಕೊಂಡಿದ್ದಳು. ಹಾಗಾಗಿ ಸುನಂದಳಿಗೆ ಮೆತ್ತಗಿನ, ಕೆಸರಾಗದ ನೆಲ ಬೇಕಿತ್ತು. ಯಾರೋ ಪ್ಲಾಸ್ಟಿಕ್ ಹುಲ್ಲಿನ ವಿಷಯ ಹೇಳಿದರು.

ಹುಲ್ಲು ಹಾಸಲು ಬಂದ ಕಂಟ್ರಾಕ್ಟರು ಮುರಳಿಮೋಹನ್ ಎಂಬವನು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರೆಗೆ ಕಲ್ಯಾಣಮಂಟಪ, ಕಾನ್ವೆಂಟು, ಮನೆಗಳ ತಾರಸಿ ಎಲ್ಲ ಕಡೆ ಅವನ ಹುಲ್ಲು. ಕಾರ್ಖಾನೆ ಮುಚ್ಚಿದ ಮೇಲೆ ಕಂಡ ಕೂಲಿಯೆಲ್ಲ ಮಾಡಿದ ರಾಮಚಂದ್ರಪ್ಪ ಆಗ ಅವನ ಕೈಕೆಳಗೆ ಕೆಲಸಕ್ಕಿದ್ದರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸುರುಳಿ ಹೊತ್ತ ಗಾಡಿಯಿಂದ ಇಳಿದು ಅಂಗಳಕ್ಕೆ ಕಾಲಿಟ್ಟ ತಕ್ಷಣ ಅವರಿಗೆ ಗೊತ್ತಾಯಿತಂತೆ. ಹುಣಸೆಮರದ ಬೊಡ್ಡೆ, ಹಳೆಯ ಗೋಡೆಯ ಒಂದು ತುಂಡು ನೋಡಿ ಅಂದಾಜು ಮಾಡಿದರು: ಅದು ಅವರೇ ಇಳಿದು ತುಳಿಯುತ್ತಿದ್ದ ದೊಡ್ಡ ತೊಟ್ಟಿ ಇದ್ದ ಜಾಗ.

ಮುರಳಿಮೋಹನನನ್ನು ಗೇಟಿನ ಹೊರಗೆ ಕರೆದು ಹೇಳಿದರು: "ಸಾರ್, ಇದರ ಕೆಳಗೆ ಬರೀ ನೆನೆಸೋ ಮಣ್ಣು. ಅರ್ಧ ಅಡಿ ತೆಗೆದು ಜಲ್ಲಿ ತುಂಬಿ, ಮಧ್ಯೆ ತೂತಿನ ಪೈಪು ಬಿಡ್ಬೇಕು. ಮೂಲೇಲಿ ಒಂದು ಆಳದ ಗುಂಡಿ ತೆಗೀಬೇಕು."

"ಹುಲ್ಲಿಗೇ ತೂತು ಇದಾವಲ್ಲಯ್ಯ. ನೀರು ಅದ್ರಲ್ಲೇ ಇಳಿಯುತ್ತೆ."

"ಹುಲ್ಲಿಂದ ಇಳೀತದೆ ಸಾರ್. ಆಮೇಲೆ ಎಲ್ಲಿಗೆ ಹೋಗ್ತದೆ?"

ಮುರಳಿಮೋಹನ್ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿದ. "ನೋಡು, ಕಲ್ಲಿದ್ದಂಗೈತೆ. ನಾಡಿದ್ದು ಮುಳಬಾಗಿಲಲ್ಲಿ ಕೆಲಸ ಐತೆ, ಇಲ್ಲಿ ಹದಿನೈದು ದಿನ ಗುಂಡಿ ತೋಡ್ಕೊಂಡು ಕೂತ್ಕೊಳ್ಳಕ್ಕಾಗಲ್ಲ. ನಿಂಗೆ ಆಗಲ್ಲಾಂದ್ರೆ ಹೇಳು, ಬೇರೆಯವ್ರನ್ನ ಕರ್ಕೋತೀನಿ."

ಅರವತ್ತು ಹತ್ತಿರವಾದವರಿಗೆ ಬೇರೆ ಕೆಲಸ ಕೊಡುವವರು ಯಾರು? ರಾಮಚಂದ್ರಪ್ಪ ಗೇಟಿನೊಳಗೆ ಬಂದು ಕೆಲಸಕ್ಕಿಳಿದರು. ಬಿರುಕು ಮುಚ್ಚುವಂತೆ ಒಂದಂಗುಲ ಕ್ರಷರಿನ ಕಲ್ಲುಪುಡಿ ಹರಡಿ, ಮೇಲೆ ನೀರು ಚಿಮುಕಿಸಿ ತಟ್ಟಿ, ಹುಲ್ಲು ಬಿಚ್ಚಿ ಅಂಚಿಗೆ ಮೊಳೆ ಹೊಡೆದರು. ಸಂಜೆಯೊಳಗೆ ಅಂಗಳ ಹಸಿರಾಯಿತು. ಕೆಲಸ ಮುಗಿದ ಮೇಲೆ ಸುನಂದ ಎಲ್ಲರಿಗೂ ಕಾಫಿ ಕೊಟ್ಟು, ಮಗಳನ್ನು ಕರೆತಂದು ವಾಕರ್ ಹಿಡಿಸಿ ನಿಲ್ಲಿಸಿದಳು. ಹುಡುಗಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ರಾಮಚಂದ್ರಪ್ಪ ಲೋಟ ಹಿಡಿದುಕೊಂಡು ನಿಂತು ನೋಡಿದರು. "ಕಾಫಿ ಕುಡೀಲಿಲ್ಲ, ಚರಂಡಿಗೆ ಚೆಲ್ದೆ ಮೇಷ್ಟ್ರೇ" ಎಂದು ಬಹಳ ದಿನದ ಮೇಲೆ ನನಗೆ ಹೇಳಿದರು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ದಿನಾ ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಪವಿತ್ರ ಅಂಗಳದಲ್ಲಿರುತ್ತಿದ್ದಳು. "ಅಂಕಲ್, ಇವತ್ತು ಹನ್ನೊಂದು ರೌಂಡು" ಎಂದು ಕೂಗುತ್ತಿದ್ದಳು. ಮೇ ಮೊದಲ ವಾರ ಒಂದು ಕೈ ಬಿಟ್ಟು ನಿಲ್ಲುವುದನ್ನು ಕಲಿತಳು. ಅನಿಲ್‌ಕುಮಾರ್ ಅದನ್ನು ಫೋನಿನಲ್ಲಿ ಹಿಡಿದು ಬೀದಿಯವರಿಗೆಲ್ಲ ತೋರಿಸಿದ.

ಮೇ ಕೊನೆಯಲ್ಲಿ ಮಳೆ ಶುರುವಾಯಿತು. ಮೊದಲ ಮಳೆಯ ನೀರು ಹುಲ್ಲಿನಿಂದ ಇಳಿದದ್ದು ನಿಜ. ಇಳಿದು ಜೇಡಿಯ ಮೇಲೆ ನಿಂತಿತು. ಹುಲ್ಲಿನ ಮೇಲೆ ನಡೆದರೆ ಹೆಜ್ಜೆಯ ಅಕ್ಕಪಕ್ಕ ನೀರು ಉಬ್ಬುತ್ತಿತ್ತು, ನೊರೆ ಬರುತ್ತಿತ್ತು. ಹತ್ತು ದಿನದಲ್ಲಿ ಕೊಳೆತ ವಾಸನೆ. ಸುನಂದ ಮುರಳಿಮೋಹನನಿಗೆ ಫೋನು ಮಾಡಿ ಮಾಡಿ ಸಾಕಾದ ಮೇಲೆ ಜೂನ್‌ನಲ್ಲಿ ಅವನು ರಾಮಚಂದ್ರಪ್ಪನವರ ಕೈಗೆ ಒಂದು ಕಬ್ಬಿಣದ ಸರಳು ಕೊಟ್ಟು ಕಳಿಸಿದ. ಹುಲ್ಲಿನ ಮೇಲಿಂದಲೇ ಅಲ್ಲಲ್ಲಿ ಚುಚ್ಚಿ ಬಾ, ನೀರು ಇಂಗುತ್ತದೆ ಎಂದು ಹೇಳಿದನಂತೆ.

ರಾಮಚಂದ್ರಪ್ಪ ಮಧ್ಯಾಹ್ನವೆಲ್ಲ ಚುಚ್ಚಿದರು. ಚುಚ್ಚಿದ ಒಂದೊಂದು ತೂತೂ ತುಂಬಿಕೊಂಡು ನಿಂತಿತು. ಮೇಲೆ ಗಟ್ಟಿಯಿದ್ದ ನೆಲವೂ ಈಗ ಒಳಗಿನಿಂದ ನೆನೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮಣ್ಣು ಹದ ಮಾಡುವವರು ಮಾಡುವುದೇ ಅದು.

ಸುನಂದ ಹೊಲಿಗೆ ಬಿಟ್ಟು ಬಂದು ಪಕ್ಕದಲ್ಲಿ ನಿಂತಳು. "ಅಣ್ಣಾ, ನೀವು ಇಂಥಾ ಕೆಲಸ ಎಷ್ಟೋ ನೋಡಿರ್ತೀರ. ಮಗೂನ ಇದರ ಮೇಲೆ ಬಿಡಬಹುದಾ? ನಿಜ ಹೇಳಿ."

ಅವರು ಸರಳನ್ನು ಒರೆಸುತ್ತ, ಮುಖ ನೋಡದೆ, "ನಾಲ್ಕು ಬಿಸಿಲು ಬಿದ್ರೆ ಸರಿಹೋಗ್ತದಮ್ಮ. ಬಿಡಿ, ಏನಾಗಲ್ಲ" ಎಂದರು.

ಜುಲೈಯಲ್ಲಿ ಬಿಸಿಲು ಬಿತ್ತು. ಮೇಲೆ ಒಣಗಿದಂತೆ ಕಂಡಿತು. ಪವಿತ್ರ ಮತ್ತೆ ನಡೆದಳು. ಆಗಸ್ಟ್ ಎರಡನೇ ವಾರ ಮೂರು ದಿನ ಬಿಡದೆ ಸುರಿದು ನಿಂತ ಮಾರನೆಯ ಸಂಜೆ, ನಾನು ಗೇಟು ತೆಗೆಯುತ್ತಿದ್ದಾಗ ಎದುರು ಮನೆಯಿಂದ ಕಿರುಚಿದ ಸದ್ದು ಕೇಳಿತು. ಓಡಿದೆ. ವಾಕರಿನ ಮುಂದಿನ ಒಂದು ಕಾಲು ಹುಲ್ಲನ್ನು ಒತ್ತಿಕೊಂಡು ಗೇಣುದ್ದ ಕೆಳಗಿಳಿದಿತ್ತು. ಹುಡುಗಿ ಅದರ ಮೇಲೆ ಅಡ್ಡ ಬಿದ್ದಿದ್ದಳು. ಬಲತೊಡೆ ಇರಬಾರದ ಕಡೆ ಬಾಗಿತ್ತು. ನಾನೂ ಸುನಂದಳೂ ಎತ್ತಲು ಹೋದರೆ ನಮ್ಮ ಕಾಲೇ ಹುಲ್ಲಿನಡಿ ಜಾರುತ್ತಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಬ್ಯಾಂಡೇಜು ಹಾಕಿದರು. ನಡೆಯದ ಮಕ್ಕಳ ಮೂಳೆ ಮೊದಲೇ ಸಣ್ಣದು, ಕೂಡಲು ತಡವಾಗುತ್ತದೆ, ಅಷ್ಟರಲ್ಲಿ ಕಾಲು ಮತ್ತೆ ಬಿಗಿಯುತ್ತದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಐದು ವರ್ಷ ಮಾಡಿದ್ದು ಅಲ್ಲಿಗೆ ನಿಂತಿತು.

ರಾಮಚಂದ್ರಪ್ಪನವರಿಗೆ ವಿಷಯ ತಿಳಿದದ್ದು ವಾರದ ಮೇಲೆ, ಹೆಂಡತಿ ಶಾಮಲಮ್ಮನಿಂದ. ಆಕೆ ಸುನಂದಳ ಹತ್ತಿರ ಬ್ಲೌಸ್ ಹೊಲಿಯಲು ಕೊಟ್ಟಿದ್ದರು. "ಆ ಮೂಲೆ ಮನೆ ಮಗೂಗೆ ಹಿಂಗಾಯ್ತಂತೆ" ಎಂದು ಹೇಳಿದಾಗ ಅವರು ಊಟದ ಮುಂದೆ ಕೂತಿದ್ದರಂತೆ. ಕೈ ತೊಳೆದು ಎದ್ದರು. ಮಾರನೆಯ ದಿನ ಮುರಳಿಮೋಹನನ ಕೆಲಸಕ್ಕೆ ಹೋಗಲಿಲ್ಲ. ಮುಂದೆಂದೂ ಹೋಗಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವರು ಮೂಲೆ ಮನೆಗೆ ಬಂದರು. ನಾನೂ ಅಲ್ಲಿಯೇ ಇದ್ದೆ. ಒಳಗೆ ಕರೆದರೂ ಬರದೆ ವರಾಂಡದ ಮೆಟ್ಟಿಲ ಕೆಳಗೆ ನಿಂತು ಶುರು ಮಾಡಿದರು. ತೊಟ್ಟಿ ಇದ್ದದ್ದು, ತಾವು ಮುರಳಿಮೋಹನನಿಗೆ ಹೇಳಿದ್ದು, ಅವನು ಕೇಳದಿದ್ದದ್ದು ಎಲ್ಲ ಹೇಳಿ, ಕೊನೆಗೆ, "ನಿಮಗೆ ಹೇಳ್ಬೇಕಿತ್ತು. ಹೇಳಲಿಲ್ಲ. ತಪ್ಪು ಚೇಶಾನಮ್ಮಾ, ತಪ್ಪು ಮಾಡ್ಬಿಟ್ಟೆ" ಎಂದರು.

ಅನಿಲ್‌ಕುಮಾರ್ ಮೆಟ್ಟಿಲಿಳಿದು ಅವರ ಅಂಗಿಯ ಕೊರಳಪಟ್ಟಿ ಹಿಡಿದ. "ಗೊತ್ತಿತ್ತಾ? ಗೊತ್ತಿದ್ದು ಹಾಸಿದ್ಯೇನಯ್ಯಾ?" ನಾನು ಮಧ್ಯೆ ಹೋಗಿ ಬಿಡಿಸಿದೆ. ರಾಮಚಂದ್ರಪ್ಪ ತಪ್ಪಿಸಿಕೊಳ್ಳಲೂ ಇಲ್ಲ, ಕೈ ಅಡ್ಡ ತರಲೂ ಇಲ್ಲ.

ಸುನಂದ ಕೂಗಾಡಲಿಲ್ಲ. "ಆ ಕಂಟ್ರಾಕ್ಟರು ಸುಳ್ಳು ಹೇಳ್ತಾರೆ ಅಂತ ನಂಗೆ ಗೊತ್ತಿತ್ತು. ಅದಕ್ಕೇ ನಿಮ್ಮನ್ನ ಕೇಳ್ದೆ" ಎಂದಳು. "ಅಣ್ಣಾ ಅಂತ ಕರೆದು ಕೇಳಿದ್ದೆ. ಹೋಗಿ, ಇಲ್ಲಿ ನಿಲ್ಲಬೇಡಿ."

ಅವರು ಹೋದರು. ಆದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಪಿಕಾಸಿ, ಹಾರೆ, ಬಾಂಡ್ಲಿ ಹಿಡಿದು ಬಂದು ಗೇಟಿನ ಹೊರಗೆ ಕೂತರು. ಸುನಂದ ಕಿಟಕಿಯಿಂದ ನೋಡಿ ಪರದೆ ಎಳೆದಳು. ಸಂಜೆವರೆಗೆ ಕೂತು ಎದ್ದು ಹೋದರು. ಮಂಗಳವಾರವೂ ಹಾಗೆಯೇ. ಬೀದಿಯವರು ಬಂದು ಬೈದರು, ಒಬ್ಬರು ಪೊಲೀಸರಿಗೆ ಹೇಳುತ್ತೇನೆ ಎಂದರು. ಬುಧವಾರ ಮತ್ತೆ ಮಳೆ ಬಂದು ಅಂಗಳದ ಕೊಳೆನೀರು ವರಾಂಡದ ಮೆಟ್ಟಿಲಿಗೆ ಏರಿತು. ಒಳಗೆ ಬ್ಯಾಂಡೇಜಿನಲ್ಲಿ ಮಲಗಿದ್ದ ಹುಡುಗಿಗೆ ರಾತ್ರಿಯಿಡೀ ಸೊಳ್ಳೆ ಕಚ್ಚಿತು. ಗುರುವಾರ ಬೆಳಿಗ್ಗೆ ಸುನಂದ ಬಂದು ಗೇಟಿನ ಚಿಲಕ ತೆಗೆದು ಒಳಗೆ ಹೋದಳು.

ಅವತ್ತಿನಿಂದ ಹತ್ತೊಂಬತ್ತು ದಿನ ರಾಮಚಂದ್ರಪ್ಪ ಅಲ್ಲಿ ದುಡಿದರು. ಮೊದಲು ಹುಲ್ಲನ್ನು ಬಿಡಿಸಿ ತೊಳೆದು ಗೋಡೆಯ ಮೇಲೆ ಒಣಗಲು ಹಾಕಿದರು. ಕೆಳಗಿನ ಮಣ್ಣು ಕಪ್ಪಗೆ ನಾರುತ್ತಿತ್ತು. ಮುಕ್ಕಾಲು ಅಡಿ ಜೇಡಿಯನ್ನು ಕಿತ್ತು ಹೊರಗೆ ಹಾಕಿದರು. ಅಂಗಳದ ಉದ್ದಕ್ಕೂ ಒಂದು ಕಾಲುವೆ ತೋಡಿ, ಮೂಲೆಯ ಕಡೆಗೆ ಇಳಿಜಾರು ಬರುವಂತೆ ಬಾಟಲಿಯಲ್ಲಿ ನೀರು ಇಟ್ಟು ಮಟ್ಟ ನೋಡಿದರು. ದಪ್ಪ ಜಲ್ಲಿಯ ಬದಲು ಒಡೆದ ಹೆಂಚು ತಂದರು. ಹಳಿಯ ಪಕ್ಕದಲ್ಲಿ ಕಾರ್ಖಾನೆಯವರು ಹಿಂದೆ ಸುರಿದಿದ್ದ ಒಡಕು ಹೆಂಚಿನ ಗುಡ್ಡೆ ಇನ್ನೂ ಬಿದ್ದಿತ್ತು. ಗೋಣಿಚೀಲದಲ್ಲಿ ತುಂಬಿ ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬರುತ್ತಿದ್ದರು. ದಿನಕ್ಕೆ ಎಂಟು, ಒಂಬತ್ತು ಸಲ.

ಅನಿಲ್‌ಕುಮಾರ್ ಮೊದಲ ವಾರ ಅವರ ಕಡೆ ನೋಡಲಿಲ್ಲ. ಎರಡನೇ ವಾರ ಒಂದು ದಿನ ಪಾಳಿ ಮುಗಿಸಿ ಬಂದವನು ಬಟ್ಟೆ ಬದಲಿಸಿ, ತುಂಬಿದ ಬಾಂಡ್ಲಿ ಎತ್ತಿಕೊಂಡು ಹೊರಗೆ ಹಾಕಿ ಬಂದ. ಪೈಪು ಅವನೇ ತಂದು, ಡ್ರಿಲ್ಲಿನಲ್ಲಿ ತೂತು ಕೊರೆದು ಇಟ್ಟ. ಜೇಡಿ ಒಳಹೋಗಿ ತೂತು ಮುಚ್ಚದ ಹಾಗೆ ಪೈಪಿಗೆ ಬಟ್ಟೆ ಸುತ್ತಬೇಕು ಎಂದು ರಾಮಚಂದ್ರಪ್ಪ ನನಗೆ ಹೇಳುತ್ತಿದ್ದದ್ದು ಸುನಂದಳ ಕಿವಿಗೆ ಬಿದ್ದಿರಬೇಕು. ಮಾರನೆಯ ಬೆಳಿಗ್ಗೆ ಅವಳ ಎರಡು ನೈಲಾನ್ ಸೀರೆಗಳು ಉದ್ದನೆಯ ಚೀಲದ ಹಾಗೆ ಹೊಲಿದು ವರಾಂಡದ ಮೇಲಿದ್ದವು.

ಕಷ್ಟವಾದದ್ದು ಮೂಲೆಯ ಗುಂಡಿ. ನೀರು ಅಲ್ಲಿಗೆ ಬಂದ ಮೇಲೆ ಇಂಗಬೇಕು. ಇಂಗಬೇಕಾದರೆ ಜೇಡಿ ದಾಟಿ ನೀರು ಕುಡಿಯುವ ಗರಸು ಸಿಗುವವರೆಗೆ ಅಗೆಯಬೇಕು. ಐದೂವರೆ ಅಡಿಗೆ ಹಾರೆ ಠಣ್ ಎಂದಿತು. ತೊಟ್ಟಿಯ ತಳ. ಇಟ್ಟಿಗೆ ಹಾಸಿ ಗಾರೆ ಮಾಡಿದ್ದು ಹಾಗೆಯೇ ಇತ್ತು. ಲೇಔಟ್ ಮಾಡಿದವರು ಅದನ್ನು ಒಡೆಯದೆ ಮೇಲೆ ಮಣ್ಣು ತಳ್ಳಿದ್ದರು. ಅಷ್ಟು ವರ್ಷ ಆ ಮನೆಯ ಅಂಗಳ ಒಂದು ದೊಡ್ಡ ಬಾನಿಯೊಳಗೆ ಕೂತಿತ್ತು. ಆ ವಯಸ್ಸಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಬಗ್ಗಿದರೆ ತಲೆ ತಾಗುವಷ್ಟು ಇಕ್ಕಟ್ಟಿನಲ್ಲಿ ಅವರು ಎರಡು ದಿನ ಆ ಗಾರೆ ಒಡೆದರು. ಎರಡನೇ ದಿನ ತಳ ಒಡೆದು ಗರಸು ಕಂಡಿತು, ಅವರ ಭುಜದ ಕೀಲೂ ತಪ್ಪಿತು. ಈಗಲೂ ಬಲಗೈ ಕಿವಿಗಿಂತ ಮೇಲೆ ಏಳುವುದಿಲ್ಲ.

ಆ ನಡುವೆ ಮುರಳಿಮೋಹನ್ ಒಮ್ಮೆ ಬಂದು ಗಾಡಿಯಿಂದ ಇಳಿಯದೆ, "ಏನಯ್ಯಾ, ಊರೆಲ್ಲಾ ನನ್ ಹೆಸರು ಕೆಡಿಸ್ತಿದೀಯಾ?" ಎಂದು ಕೇಳಿದ. ರಾಮಚಂದ್ರಪ್ಪ ಗುಂಡಿಯೊಳಗಿಂದಲೇ, "ಈ ಮನೆಯವ್ರಿಗೆ ಬಿಟ್ರೆ ನಿಮ್ ಹೆಸರು ನಾನೆಲ್ಲೂ ಎತ್ತಿಲ್ಲ ಸಾರ್. ನಂದೇ ಹೇಳ್ತಾ ಇದೀನಿ" ಎಂದರು. ಅವನು ಹೊರಟುಹೋದ. ಹುಡುಗಿಯನ್ನು ನೋಡಲು ಒಂದು ದಿನವೂ ಬರಲಿಲ್ಲ.

ಕೀಲು ಕೂರಿಸಿಕೊಂಡು ಬಂದ ಮೇಲೆ, ಅನಿಲ್‌ಕುಮಾರನ ಜೊತೆ ಸೇರಿ ಗುಂಡಿಗೆ ಒಡಕು ಹೆಂಚು ತುಂಬಿ, ಕಾಲುವೆಯಲ್ಲಿ ಪೈಪು ಮಲಗಿಸಿ, ಮೇಲೆ ಹೆಂಚಿನ ಚೂರು, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ಕ್ರಷರ್ ಪುಡಿ ಹಾಕಿ ದಿಮ್ಮಸು ಬಡಿದು ಹುಲ್ಲು ಹಾಸಿದರು. ಅಕ್ಟೋಬರ್‌ನಲ್ಲಿ ಚಂಡಮಾರುತದ ಮಳೆ ಹಿಡಿಯಿತು. ಎರಡು ದಿನ ಸುರಿದು ನಿಂತ ಬೆಳಿಗ್ಗೆ ಸುನಂದ ಬರಿಗಾಲಲ್ಲಿ ಅಂಗಳಕ್ಕೆ ಇಳಿದಳು. ಒಂದೊಂದು ಗೇಣಿಗೂ ಹಿಮ್ಮಡಿ ಒತ್ತಿ ನೋಡಿದಳು. ನೀರು ಉಬ್ಬಲಿಲ್ಲ, ನೆಲ ಕದಲಲಿಲ್ಲ. ನಡು ಅಂಗಳದಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ನಮ್ಮ ಬಾಗಿಲು ಹಾಕಿಕೊಂಡೆ.

ಬ್ಯಾಂಡೇಜು ಬಿಚ್ಚಿದ ಮೇಲೆ ಪವಿತ್ರಳನ್ನು ಗಾಲಿಕುರ್ಚಿಯಲ್ಲಿ ವರಾಂಡಕ್ಕೆ ತಂದರು. ಹುಲ್ಲಿನ ಮೇಲೆ ಇಳಿಸುತ್ತೇವೆ ಎಂದಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಳು. "ಬೇಡಮ್ಮಾ, ಅದು ಕಾಲು ಎಳ್ಕೊಳ್ಳುತ್ತೆ" ಎಂದಳು. ಎಷ್ಟು ಹೇಳಿದರೂ ಕೇಳಲಿಲ್ಲ.

ರಾಮಚಂದ್ರಪ್ಪ ಗುಂಡಿಯ ಬಾಯಿ ನೋಡಲೆಂದು ವಾರಕ್ಕೊಮ್ಮೆ ಬರುತ್ತಿದ್ದರು. ಒಂದು ಭಾನುವಾರ ಅವಳು ತಾನಾಗಿ ಮಾತಾಡಿದಳು. "ತಾತಾ, ನೀವು ನಡೀರಿ ನೋಡೋಣ. ನನ್ ವಾಕರ್ ಹಿಡ್ಕೊಂಡು."

ಎಂಟು ವರ್ಷದ ಮಗುವಿನ ಎತ್ತರದ ವಾಕರ್ ಅದು. ರಾಮಚಂದ್ರಪ್ಪ ಸೊಂಟ ಬಗ್ಗಿಸಿ, ಏಳದ ಬಲಗೈಯನ್ನೂ ಊರಿ, ಮೈಯ ಭಾರವೆಲ್ಲ ಅದರ ಮೇಲೆ ಹಾಕಿ ಈ ಗೋಡೆಯಿಂದ ಆ ಗೋಡೆಗೆ ನಡೆದರು. "ಜೋರಾಗಿ ಒತ್ತಿ" ಎಂದಳು. ಒತ್ತಿದರು. "ಅಲ್ಲಿ, ನಾನು ಬಿದ್ದಿದ್ದ ಕಡೆ." ಅಲ್ಲಿಯೂ ನಿಂತು ಒತ್ತಿದರು. ಹೀಗೆ ಆರು ಸುತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ಒಬ್ಬಿಬ್ಬರು ನಕ್ಕರು. ಪವಿತ್ರ ನಗಲಿಲ್ಲ. ಕಣ್ಣು ಕೀಲಿಸಿ ವಾಕರಿನ ಕಾಲುಗಳನ್ನೇ ನೋಡುತ್ತಿದ್ದಳು. ಅವತ್ತೂ ಅವಳು ಇಳಿಯಲಿಲ್ಲ.

ಈಗ ವರ್ಷ ದಾಟಿದೆ. ಸುನಂದ ಅವಳನ್ನು ಎತ್ತಿ ತಂದು ಹುಲ್ಲಿನ ಮೇಲೆ ಕೂರಿಸುತ್ತಾಳೆ, ಅಷ್ಟಕ್ಕೆ ಒಪ್ಪಿಕೊಂಡಿದ್ದಾಳೆ. ಕೂತು ಪಾಠ ಓದುತ್ತಾಳೆ, ಕೈಯೂರಿ ತೆವಳುತ್ತಾಳೆ. ಬಲಗಾಲು ಎಡಗಾಲಿಗಿಂತ ಒಂದಂಗುಲ ಗಿಡ್ಡವಾಗಿದೆ. ಇನ್ನೊಂದು ಆಪರೇಷನ್ ಬೇಕು ಎನ್ನುತ್ತಾರೆ. ಆದ ಮೇಲೆ ನಿಲ್ಲುತ್ತಾಳೋ ಇಲ್ಲವೋ ಯಾರೂ ಹೇಳುವುದಿಲ್ಲ. ಸುನಂದ ರಾಮಚಂದ್ರಪ್ಪ ಬಂದರೆ ಕಾಫಿ ಕೊಡುತ್ತಾಳೆ. ಅಣ್ಣಾ ಎಂದು ಮತ್ತೆ ಕರೆದದ್ದನ್ನು ನಾನು ಕೇಳಿಲ್ಲ.

ಮುರಳಿಮೋಹನನ ಜೊತೆಗಿದ್ದಾಗ ಹೀಗೆಯೇ ಜೇಡಿಯ ಮೇಲೆ ಹುಲ್ಲು ಹಾಸಿದ ಹನ್ನೊಂದು ಜಾಗ ರಾಮಚಂದ್ರಪ್ಪನವರಿಗೆ ನೆನಪಿದೆ. ಒಂದೊಂದಕ್ಕೂ ಹೋಗಿ ಹೇಳಿ ಬರುತ್ತಿದ್ದಾರೆ. ಹುತ್ತೂರಿನ ಕಡೆಯ ಒಬ್ಬರು ಕೇಳಿಸಿಕೊಂಡು ಕಾಲುವೆ ತೆಗೆಸಿದರು. ಶ್ರೀನಿವಾಸಪುರದಲ್ಲಿ ಒಬ್ಬರು ಗೇಟಿನಿಂದಲೇ ಕಳಿಸಿದರು. ಮುಳಬಾಗಿಲಿನ ಒಂದು ಕಾನ್ವೆಂಟಿನಲ್ಲಿ ಗುಮಾಸ್ತ, ಬರೆದು ಕೊಡಿ ನೋಡೋಣ ಎಂದನಂತೆ. ಆ ಕಾಗದವನ್ನು ನಾನೇ ಬರೆದುಕೊಟ್ಟೆ.

"ಯಾರೂ ಕೇಳದೇ ಇದ್ರೂ ಯಾಕೆ ಓಡಾಡ್ತೀರಿ ರಾಮಚಂದ್ರಪ್ಪ?" ಎಂದು ಮೊನ್ನೆ ಕೇಳಿದೆ.

"ಅಲ್ಲೂ ಮಕ್ಕಳು ಆಡ್ತಾರೆ ಮೇಷ್ಟ್ರೇ" ಎಂದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಮುಳಬಾಗಿಲಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು.